ಅಯ್ನೋರು ಸುಮ್ಮನೆ ಕೂತ ಮೂರು ಗಂಟೆ

ಹಾಸನ
೧೪-೯-೧೯೬೧

ಅರಕಲಗೂಡಿನ ಸಣ್ಣಕ್ಕನಿಗೆ ತಮ್ಮ ಹುಚ್ಚಯ್ಯನ ನಮಸ್ಕಾರಗಳು.

ಮೈಗೇನೂ ಆಗಿಲ್ಲ, ಹೆದರಬೇಡ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದಿದ್ದದ್ದು ಪುರುಸೊತ್ತಿಲ್ಲದೆ ಅಲ್ಲ, ನಾಚಿಕೆಯಿಂದ.

ಹೈಸ್ಕೂಲು ಬಿಟ್ಟವನು ಮಿಷನ್ ಆಸ್ಪತ್ರೆಯಲ್ಲಿ ಏನು ಕಲಿಯುತ್ತೀಯ ಎಂದು ನೀನು ಕೇಳಿದ್ದೆ. ರೋಗಿಗಳ ಪಕ್ಕ ಕೂತು ಧೈರ್ಯ ತುಂಬುವುದನ್ನು. ನಾವು ನಾಲ್ಕು ಜನ. ಕಲಿಸುವವರು ಚರ್ಚಿನ ಉಪದೇಶಿ ಜೀವರತ್ನಂ ಅಯ್ನೋರು. ಬೆಳಗ್ಗೆ ಅವರಿಗೆ ವಾರ್ಡು, ಮಧ್ಯಾಹ್ನ ನಮಗೆ ಪಾಠ, ಸಂಜೆ ರೋಗಿಗಳ ಮನೆಗೆ ಕಾಗದ ಬರೆದುಕೊಡುವುದು. ಯಾವ ಗಂಟೆ ಯಾವ ಕೆಲಸ ಎಂದು ತುಂಬಲು ಈ ವರ್ಷ ಆಸ್ಪತ್ರೆ ಕಮಿಟಿಯವರು ಒಂದು ತಖ್ತೆ ಕಳಿಸಿದರು. ನನ್ನ ಅಕ್ಷರ ದುಂಡಗಿದೆಯೆಂದು ಅಯ್ನೋರು ನನ್ನ ಕೈಲೇ ಬರೆಸಿದರು.

ನುಗ್ಗೇಹಳ್ಳಿಯ ಮುದುಕಿ ಬೆಟ್ಟಮ್ಮನ ಒಂದು ಪಾದ ಆಪರೇಷನ್ ಮಾಡಿ ತೆಗೆದಿದ್ದಾರೆ. ಒಂದು ಮಧ್ಯಾಹ್ನ ಅಯ್ನೋರು ಪಾಠ ಬಿಟ್ಟು ಮೂರು ಗಂಟೆ ಅವಳ ಮಂಚದ ಪಕ್ಕ ಕೂತಿದ್ದರು. ಪ್ರಾರ್ಥನೆಯಿಲ್ಲ, ಮಾತೂ ಇಲ್ಲ ಎಂದು ಆಯಾ ಹೇಳಿದಳು.

"ಇದನ್ನ ಯಾವ ಕಾಲಂಗೆ ಹಾಕ್ಲಿ?" ಎಂದೆ.

"ಪಾಠ ಅಂತ್ಲೇ ಬರಿಯಪ್ಪ. ಅದೂ ಪಾಠವೇ."

"ಯಾರಿಗೆ ಪಾಠ ಮಾಡಿದ್ರಿ ಅಯ್ನೋರೇ? ಸುಳ್ಳು ಬರೆಯಾಕಿಲ್ಲ ನಾನು."

ಅವರು ನಕ್ಕರು. "ಸರಿ, ನಿನಗೆ ನಿಜ ಅನ್ನಿಸಿದ್ದು ಬರಿ."

'ಸುಮ್ಮನೆ ಕೂತದ್ದು, ಮೂರು ಗಂಟೆ' ಎಂದು ಬರೆದೆ. ಅಯ್ನೋರು ಓದಿ ಸಹಿ ಹಾಕಿದರು.

ಕಮಿಟಿಯವರಿಗೆ ಅದೊಂದು ಸಾಲೇ ಸಾಕಾಯಿತು. ಅಯ್ನೋರು ಇನ್ನು ವಾರ್ಡಿಗೆ ಹೋಗಕೂಡದು, ಪಾಠ ಮಾತ್ರ ಮಾಡಬೇಕು ಎಂದು ಹುಕುಂ ಬಂತು. ಈಗ ಬೆಟ್ಟಮ್ಮನ ಬಳಿ ನಾನು ಕೂರುತ್ತೇನೆ.

"ನೀನ್ಯಾಕ್ಲಾ ಬಂದೆ? ಇರುವೆ ಗೂಡಿನ್ ಮ್ಯಾಲೆ ಕುಂತಂಗೆ ಆಡ್ತೀಯ! ಓಗು, ಅಯ್ನೋರ್ನ ಕಳ್ಸು. ಅವ್ರು ಕುಂತಿದ್ರೆ ನೋವು ತಡಕಬೌದು ಕಣ್ಲಾ" ಅನ್ನುತ್ತಾಳೆ.

ಬರುತ್ತಾರೆ ಎನ್ನಲಾರೆ, ಬರುವುದಿಲ್ಲ ಎನ್ನಲೂ ಆರೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ, ಆದರೂ ಕೊಡು.

ನಿನ್ನ ತಮ್ಮ
ಹುಚ್ಚಯ್ಯ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ದಿನಾ ಪಾಠದ ಹೊತ್ತಿಗೆ ನಮ್ಮಲ್ಲೊಬ್ಬ ವಾರ್ಡಿನಲ್ಲಿ ಕೂರಬೇಕು; ಆ ಮಧ್ಯಾಹ್ನ ಬೆಟ್ಟಮ್ಮನ ಬಳಿ ಕೂರುವ ಸರದಿ ನನ್ನದು. ಅವಳ ನರಳಾಟ ಕೇಳಲಾರದೆ ಬಸ್ ಸ್ಟಾಂಡಿಗೆ ಓಡಿಹೋಗಿ, ಹೊಳೆನರಸೀಪುರದ ಬಸ್ಸು ಬರುವುದು ಹೋಗುವುದು ನೋಡುತ್ತ ನಿಂತಿದ್ದೆ. ಅಯ್ನೋರು ಕೂತದ್ದು ನನ್ನ ಬದಲಿಗೆ. ತಖ್ತೆಯಲ್ಲಿ ಷರಾ ಕಾಲಂ ಖಾಲಿಯಿತ್ತು; ನನ್ನ ಹೆಸರು ಬರೆಯಲಿಲ್ಲ. ಅಯ್ನೋರೂ ಯಾರಿಗೂ ಹೇಳಲಿಲ್ಲ. ಇವತ್ತು ಎಲ್ಲ ಬರೆದು ಕಮಿಟಿಗೆ ಕಾಗದ ಹಾಕಿದ್ದೇನೆ. ಬೆಟ್ಟಮ್ಮನಿಗೆ ಹೇಳಲು ಮಾತ್ರ ಇನ್ನೂ ಬಾಯಿ ಬಂದಿಲ್ಲ.