ಸಿರುಗುಪ್ಪದ ಬಿದಿರು, ಕಾರವಾರದ ಡಾಲ್ಫಿನ್

ಅಪ್ಪಾ,

ಸಿಟ್ಟಿನ ಮೇಲೆ ಬರೆಯುತ್ತಿದ್ದೇನೆ. ಅರ್ಧ ಸಿಟ್ಟು ನಿನ್ನ ಮೇಲೆ, ಉಳಿದರ್ಧ ನನ್ನ ಮೇಲೆ. ಬ್ರೂಸ್‌ಪೇಟೆಯ ನಮ್ಮ ಎಂಜಿನ್ ರಿಪೇರಿ ಅಂಗಡಿ ಚೆನ್ನಾಗಿಯೇ ನಡೆದಿದೆ. "ಹೆಣ್ಮಗಳ ಕೈಗೆ ಬೋಲ್ಟ್ ತಿರುವೋ ಪಾನಾ ಕೊಟ್ರ ಮುಗೀತು" ಅಂದವರೇ ಈಗ ಬಾಗಿಲಿಗೆ ಬಂದು "ನೀಲಕ್ಕಾರ, ಸ್ವಲ್ಪ ಲಗೂನ ನೋಡ್ರಿ" ಅಂತಾರೆ. ಅದಿರಲಿ. ಸಿಟ್ಟು ಡಾಲ್ಫಿನ್ನಿನ ವಿಷಯಕ್ಕೆ. ನಗಬೇಡ.

ಸಿರುಗುಪ್ಪದ ಹೊಳೆದಂಡೆ ನೆನಪಿದೆಯಾ? ಪಂಪು ನೀರೆತ್ತುತ್ತಿರಲಿಲ್ಲ. ನೀನು ಉದ್ದನೆಯ ಬಿದಿರನ್ನು ಹೊಳೆಗಿಳಿಸಿ, ನನ್ನ ಕಿವಿ ಹಿಡಿದೆಳೆದು ಅದರ ತುದಿಗೆ ಹಚ್ಚಿದೆ. "ಕೇಳಲೇ ನೀಲವ್ವಾ, ನೀರೊಳಗ ಸದ್ದು ಗಾಳಿಗಿಂತ ಜೋರ ಓಡತೈತಿ." ಪೈಪಿನ ತಳದಲ್ಲಿ ನೀರೆಳೆಯುವ ಫುಟ್‌ವಾಲ್ ಗೊರಕೆ ಹೊಡೆಯುವುದು ಕೇಳಿಸಿತು. ಆಚೆ ದಂಡೆಯ ಎಂಜಿನ್ ಕೂಡ ನನ್ನ ಕಿವಿಯೊಳಗೇ ಕುಂತಂತೆ...

ಕುರುಗೋಡಿನ ಗದ್ದೆಯಲ್ಲಿ ಇನ್ನೊಂದು ವಿದ್ಯೆ ಕಲಿಸಿದೆ: ಎಂಜಿನ್ ಕೆಳಗೆ ಅದುರು ತಡೆಯುವ ರಬ್ಬರ್ ತೆಗೆದೆಸೆದು ನೇರವಾಗಿ ಬೋಲ್ಟ್ ಬಿಗಿಯುವುದು. "ರಬ್ಬರ್ ಸವೀತೈತಿ, ಕಬ್ಬಿಣ ಸವಿಯಂಗಿಲ್ಲ. ಸದ್ದು ಜೋರಿದ್ರ ಗಿರಾಕಿಗೂ ಸಮಾಧಾನ, ಎಂಜಿನ್ ಗಟ್ಟಿ ಐತಿ ಅಂತಾನ." ಗದ್ದೆಯಲ್ಲಿ ಅದು ನಡೆಯಿತು. ಅದನ್ನೇ ನಾನು ಕಾರವಾರದ ಕಡೆಯ ತಿಮ್ಮಪ್ಪನ ದೋಣಿಯ ಎಂಜಿನ್ನಿಗೂ ಮಾಡಿ ಕಳಿಸಿದೆ. ಪ್ರವಾಸಿಗರಿಗೆ ಡಾಲ್ಫಿನ್ ತೋರಿಸಿ ಸಂಸಾರ ಸಾಗಿಸುವವ ಅವನು.

ಹೋದ ತಿಂಗಳು ಅವನದೇ ಫೋನು. "ಅಕ್ಕ, ಡಾಲ್ಫಿನ್ ಹತ್ರ ನಿಲ್ಲೂದೇ ಇಲ್ಲ, ಓಡಿ ಹೋಗ್ತವೆ. ಇನ್ನೂ ದೊಡ್ಡ ಎಂಜಿನ್ ಕೊಡಿ." ಹೆದರಿ ಓಡುವವರ ಬೆನ್ನು ಹತ್ತಲು ಇನ್ನೂ ದೊಡ್ಡ ಎಂಜಿನ್! ನಿನ್ನ ಅದೇ ಬಿದಿರು ತಗೊಂಡು ನಾನೇ ಹೋದೆ.

ಕಡಲಿನಲ್ಲಿ ಒಂದು ತಾಯಿ ಡಾಲ್ಫಿನ್ ಎದ್ದಿತು, ಪಕ್ಕದಲ್ಲೇ ಪುಟ್ಟ ಮರಿ. ನಮ್ಮದೂ ಸೇರಿ ಏಳು ದೋಣಿಗಳು ಸುತ್ತುಗಟ್ಟಿದವು. ತಿಮ್ಮಪ್ಪನ ಎಂಜಿನ್ ಬಂದ್ ಮಾಡಿಸಿ ಬಿದಿರಿಗೆ ಕಿವಿ ಹಚ್ಚಿದೆ. ಅಪ್ಪಾ, ಹೇಗೆ ಹೇಳಲಿ? ಆರು ದೋಣಿಗಳ ಹಿಂದೆ ತಿರುಗುವ ಫ್ಯಾನು ನೀರು ಸೀಳುವ ಕಿರುಚಾಟ. ಅದರಡಿಗೆ, ಎಲ್ಲೋ ದೂರದಲ್ಲಿ ಬಂದರು ಕಟ್ಟುವವರು ಸಮುದ್ರದ ತಳಕ್ಕೆ ಕಂಬ ಬಡಿಯುವ ಧಡ್, ಧಡ್. "ಮೊದಲು ದೋಣಿ ತಳಕ್ಕೆ ಕಿವಿ ಇಟ್ರೆ ಮರಿ ಸಿಳ್ಳೆ ಹಾಕೂದು ಕೇಳ್ತಿತ್ತು," ಅಂದ ತಿಮ್ಮಪ್ಪ, "ತಾಯಿ ತಿರುಗಿ ಸಿಳ್ಳೆ ಹಾಕ್ತಿತ್ತು." ಅವು ಮೀನು ಹುಡುಕುವುದೂ ಸದ್ದಿನಿಂದಲೇ ಅಂತೆ. ಮದುವೆಯ ಬ್ಯಾಂಡಿನ ನಡುವೆ ಕಳೆದುಹೋದ ಕೂಸು ಎಷ್ಟು ಕೂಗಿದರೆ ತಾನೆ ಯಾರಿಗೆ ಕೇಳೀತು?

ಅಷ್ಟರಲ್ಲಿ ದೋಣಿಯೊಳಗಿನ ಪ್ರವಾಸಿಗರಲ್ಲಿ ಒಬ್ಬ ದೊಡ್ಡಮನುಷ್ಯ, "ಎಂಜಿನ್ ಯಾಕ್ರೀ ಆಫ್? ಅದು ಹೋಗ್ತಾ ಇದೆ!" ಅಂತ ಎಗರಾಡಿದ. ತಿಮ್ಮಪ್ಪ ಹೆದರಿ ಶುರು ಮಾಡಿದ. ಬಿದಿರು ನನ್ನ ಕಿವಿಗೆ ಗುದ್ದಿತು. ರಬ್ಬರ್ ಇಲ್ಲದೆ ದೋಣಿಯ ತಳವೇ ತಮಟೆಯಾಗಿತ್ತು. ಏಳರಲ್ಲಿ ಎಲ್ಲಕ್ಕಿಂತ ದೊಡ್ಡ ಬಾಯಿ ನಮ್ಮ ಅಂಗಡಿಯದು, ಅಪ್ಪಾ. ತಾಯಿ ಮರಿ ಎರಡೂ ಮುಳುಗಿದವು. ಆಮೇಲೆ ದೂರದಲ್ಲಿ ತಾಯಿ ಒಂದೇ ಎದ್ದಂತೆ ಕಂಡಿತು. ಮರಿ ಆಚೆ ಬದಿಗಿತ್ತೋ, ಅಥವಾ...

ದಂಡೆಗೆ ಬಂದವಳೇ ಎಂಜಿನ್ನಿಗೆ ರಬ್ಬರ್ ಕೂಡಿಸಿದೆ. "ದೊಡ್ಡದು ಕೊಡಂಗಿಲ್ಲ. ದೂರದಾಗ ಬಂದ್ ಮಾಡಿ ಸುಮ್ಮನ ಕುಂದ್ರು, ಮನಸಿದ್ರ ಅವೇ ಬರ್ತಾವು."

"ನಾನು ಕೂತ್ರೆ ಪಕ್ಕದವ ಮುಂದೆ ಹೋಗ್ತಾನೆ ಅಕ್ಕ. ನಾಳೆ ಜನ ಅವನ ಬೋಟೇ ಹತ್ತೂದು. ನಾನೊಬ್ಬ ಸುಮ್ನಿದ್ರೆ ಸಮುದ್ರ ಸುಮ್ನಿರ್ತದಾ?"

ಅವನು ಹೇಳಿದ್ದು ಖರೇ, ಅದೇ ಉರಿ. ರಬ್ಬರ್ ಹಾಕಿದರೂ ಫ್ಯಾನಿನ ಕಿರುಚಾಟ ನಿಲ್ಲುವುದಿಲ್ಲ. ಕಂಬ ಬಡಿಯುವವರಂತೂ ನನ್ನ ಗಿರಾಕಿಗಳೇ ಅಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ, ಬೈಯಬೇಡ. ನಿನ್ನ ಕಿವಿ ತಾಗಿ ತಾಗಿ ನುಣುಪಾಗಿದ್ದ ಆ ಬಿದಿರನ್ನು ತಿಮ್ಮಪ್ಪನಿಗೇ ಕೊಟ್ಟು ಬಂದೆ, ಉಳಿದ ದೋಣಿಯವರಿಗೂ ಕೇಳಿಸಲಿ ಅಂತ. ನಿನ್ನೆ ಫೋನು ಮಾಡಿದ್ದ. ಅವನು ಈಗ ದೂರದಲ್ಲೇ ಬಂದ್ ಮಾಡಿ ಕೂರುತ್ತಾನಂತೆ. ಉಳಿದ ಆರು ಜನರಲ್ಲಿ ಇನ್ನೂ ಒಬ್ಬನೂ ಬಿದಿರಿಗೆ ಕಿವಿ ಹಚ್ಚಿಲ್ಲ.

ಹಚ್ಚುತ್ತಾರೆ. ಅಮಾಸಿ ಕಳೆದ ಮೇಲೆ ಮತ್ತೆ ಹೋಗುತ್ತಿದ್ದೇನೆ. ನೀನು ನನ್ನ ಕಿವಿ ಹೇಗೆ ಹಿಡಿದಿದ್ದೆ ಅನ್ನುವುದು ಇನ್ನೂ ಮರೆತಿಲ್ಲ.

ನಿನ್ನ
ನೀಲವ್ವ