ಗೇಟು ತೆರೆದದ್ದು ನಿಮ್ಮ ಕಂಪನಿಯಲ್ಲ

ಕಂಪನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಮುಖ್ಯಸ್ಥರೇ,

ನಿಮ್ಮ ಈ ವರ್ಷದ ವರದಿಯಲ್ಲಿ ಒಂದು ಸುಳ್ಳು ಅಚ್ಚಾಗಿದೆ. "ಆಗಸ್ಟ್ ತಿಂಗಳ ಕಾಳ್ಗಿಚ್ಚಿನಲ್ಲಿ ಕೋಲ್ಟರ್ ಫ್ಲ್ಯಾಟ್ಸ್ ಊರಿನ ರಕ್ಷಣೆಗೆ ನಮ್ಮ ಕೊಳದ ನೀರನ್ನು ಒದಗಿಸಿದೆವು" ಎಂದು ನುಣುಪಾದ ಕಾಗದದ ಮೇಲೆ ಬರೆದುಕೊಂಡಿದ್ದೀರಿ. ಒದಗಿಸಿದ್ದು ನೀವಲ್ಲ. ಒದಗಿಸಿದ ಮನುಷ್ಯನನ್ನು ನೀವು ಕೆಲಸದಿಂದ ತೆಗೆದುಹಾಕಿದಿರಿ. ಈ ಎರಡು ಸಂಗತಿಗಳು ಒಂದೇ ಕಟ್ಟಡದಲ್ಲಿ, ಬಹುಶಃ ಒಂದೇ ಮಹಡಿಯಲ್ಲಿ ತೀರ್ಮಾನವಾಗಿರಬೇಕು. ಪಕ್ಕದ ಕೋಣೆಯವರೊಡನೆ ಮಾತಾಡುವ ರೂಢಿ ನಿಮ್ಮಲ್ಲಿಲ್ಲವೇ?

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಓರೆಗಾನ್ ರಾಜ್ಯದ ಪೂರ್ವದ ಈ ಒಣನೆಲದಲ್ಲಿ ಶಾಲಾ ಬಸ್ಸು ಓಡಿಸುತ್ತೇನೆ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲೂ ಇದ್ದೇನೆ. ನಿಮ್ಮ ಡೇಟಾ ಸೆಂಟರ್ ಇಲ್ಲಿಗೆ ಬಂದಾಗ ಅದೊಂದೇ ಕಟ್ಟಡ. ಉದ್ಘಾಟನೆಯ ಸಮಾರಂಭದಲ್ಲಿ ನಾವೂ ಚಪ್ಪಾಳೆ ತಟ್ಟಿದ್ದೆವು, ಸುಳ್ಳು ಹೇಳುವುದಿಲ್ಲ. ಆಮೇಲೆ ಈರುಳ್ಳಿ ಹೊಲಗಳು ಒಂದೊಂದಾಗಿ ನಿಮ್ಮ ಬೇಲಿಯೊಳಗೆ ಸೇರಿದವು. ಹಗಲಿರುಳು ಕಾಯುವ ಕಂಪ್ಯೂಟರ್ ಯಂತ್ರಗಳನ್ನು ತಣ್ಣಗಿಡಲು ಊರಿನ ಕೊಳವೆಯಿಂದಲೇ ನೀರು ಎಳೆದು ಬೇಲಿಯೊಳಗೊಂದು ಕೊಳ ತುಂಬಿಸಿಕೊಂಡಿರಿ. ಸ್ನಾನದ ಮನೆಯ ನಲ್ಲಿ ಸಣ್ಣಗಾಯಿತು ಎಂದು ನಾವು ದೂರಿದಾಗ ದಳಕ್ಕೆ ಕೆಂಪು ಬಣ್ಣದ ಹೊಸ ಗಾಡಿಯೊಂದನ್ನು ದಾನ ಮಾಡಿದಿರಿ. ಬಾಗಿಲ ಮೇಲೆ ನಮ್ಮ ಊರಿನ ಹೆಸರಿಗಿಂತ ದೊಡ್ಡದಾಗಿ ನಿಮ್ಮ ಲಾಂಛನ. ನೀರು ಕೇಳಿದವರಿಗೆ ನೀರು ಹೊರುವ ಗಾಡಿ ಕೊಡುವ ಬುದ್ಧಿವಂತಿಕೆ ಯಾರದು ಎಂದು ತಿಳಿಯುವ ಕುತೂಹಲ ನನಗೆ ಇಂದಿಗೂ ಇದೆ.

ಇನ್ನು ಆ ದಿನದ ಮಾತು. ಮಳೆಯಿಲ್ಲದ ಸಿಡಿಲು ಬಡಿದು ಪಶ್ಚಿಮದ ಬಯಲಿಗೆ ಬೆಂಕಿ ಹತ್ತಿತು. ಗಾಳಿ ನೇರ ಊರಿನ ಕಡೆಗೆ ಬೀಸುತ್ತಿತ್ತು. ದಾರಿಯಲ್ಲಿ ಸಿಗುವ ಮೊದಲ ಮನೆ ಬೆಗೋನ್ಯಾ ಉರ್ರುಟಿಯದು. ಆಕೆಯ ಅಜ್ಜ ಸ್ಪೇನ್ ಗಡಿಯ ಬಾಸ್ಕ್ ನಾಡಿನಿಂದ ಕುರಿ ಕಾಯಲು ಬಂದವನು. ಈಕೆಯದೂ ಅದೇ ಬದುಕು. ಬೇಸಿಗೆಗೆ ಮಂದೆ ಬೆಟ್ಟ ಹತ್ತಿತ್ತು. ಹತ್ತಲಾರದ ಕುಂಟು, ಮುದಿ ಕುರಿಗಳು ಮಾತ್ರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿದ್ದವು.

ನಾವು ಹೋದಾಗ ಆಕೆ ಒದ್ದೆ ಗೋಣಿಚೀಲದಿಂದ ಕೊಟ್ಟಿಗೆಯ ಸುತ್ತಲಿನ ಹುಲ್ಲು ಬಡಿಯುತ್ತಿದ್ದಳು.

"ಹೊರಡು ಬೆಗೋನ್ಯಾ, ಗಾಡಿ ಹತ್ತು!" ಎಂದು ಕೂಗಿದೆ.

"ಇವನ್ನ ಬಿಟ್ಟು ಎಲ್ಲಿಗೇ ಹೋಗ್ಲಿ? ಓಡು ಅಂದ್ರೆ ಓಡೋ ಕಾಲಿದ್ದಿದ್ರೆ ಬೆಟ್ಟದಲ್ಲೇ ಇರ್ತಿದ್ವು. ನೀನು ನೀರ್ ಹೊಡಿ, ಬಾಯಿ ಮಾಡ್ಬೇಡ."

ಹೊಡೆದೆವು. ಗಾಡಿಯ ನೀರು ಕಣ್ಣೆದುರೇ ಮುಗಿಯಿತು. ಬೆಂಕಿ ಆರಿಸಲೆಂದೇ ಇರುವ ರಸ್ತೆಬದಿಯ ನಲ್ಲಿಗೆ ಪೈಪು ಜೋಡಿಸಿ ತಿರುಗಿಸಿದರೆ ಒಂದು ನಿಟ್ಟುಸಿರು ಬಂತು, ಒಂದಿಷ್ಟು ಕೆಸರು ಬಂತು, ಅಷ್ಟೇ. ನಿಮ್ಮ ಯಂತ್ರಗಳಿಗೆ ಆ ದಿನ ಸೆಖೆ ಜಾಸ್ತಿಯಾಗಿತ್ತು, ಅಲ್ಲವೇ? ಬೇಲಿಯ ಆಚೆ ನಿಮ್ಮ ಕೊಳ ತುಂಬಿ ನಿಂತಿತ್ತು. ನಮ್ಮ ಕ್ಯಾಪ್ಟನ್ ಡೇಲ್ ಪ್ರೂಯಿಟ್ ನಿಮ್ಮ ತುರ್ತು ಸಂಖ್ಯೆಗೆ ಫೋನ್ ಮಾಡಿದ. ಆ ಕಡೆಯ ಹೆಣ್ಣುಮಗಳು ತುಂಬ ಸಭ್ಯಳು. ಅನುಮತಿ ಕೇಳಿದ್ದೇವೆ, ದಯವಿಟ್ಟು ಕಾಯಿರಿ ಎಂದಳಂತೆ.

"ಬೆಂಕಿಗೂ ಸ್ವಲ್ಪ ಕಾಯೋಕೆ ಹೇಳ್ಲೇನಮ್ಮ?" ಎಂದ ಡೇಲ್. ಮರುಕ್ಷಣ ಸಂಗೀತ ಕೇಳಿಸತೊಡಗಿತು. ಅವನು ಫೋನನ್ನು ನನ್ನ ಕಿವಿಗೆ ಹಿಡಿದ. ಪಿಯಾನೋ. ಅದನ್ನು ಕೇಳುತ್ತ ನಿಂತಿದ್ದಾಗಲೇ ಬೆಗೋನ್ಯಾಳ ಮನೆಯ ಚಾವಣಿಗೆ ಕಿಡಿ ಬಿತ್ತು.

ನಾನು ಖಾಲಿ ಗಾಡಿಯನ್ನು ತಿರುಗಿಸಿ ನಿಮ್ಮ ಗೇಟಿಗೆ ಓಡಿಸಿದೆ. ಕಾವಲಿಗೆ ರೇ ನಾಕಾಶಿಗೆ ಇದ್ದ. ಆ ಕೊಳವಿರುವ ಜಾಗದಲ್ಲಿ ಒಂದು ಕಾಲಕ್ಕೆ ಈರುಳ್ಳಿ ಬೆಳೆಯುತ್ತಿದ್ದವನು ಅವನೇ. ಹೊಲ ನಿಮಗೆ ಹೋದ ಮೇಲೆ ನಿಮ್ಮದೇ ಸಮವಸ್ತ್ರ ತೊಟ್ಟವನು.

"ರೇ, ಗೇಟ್ ತೆಗಿ."

"ಮೇಲಿನವರ ಅಪ್ಪಣೆ ಇಲ್ದೆ ತೆಗೆದ್ರೆ ಇವತ್ತೇ ಮನೆಗೆ ಕಳಿಸ್ತಾರೆ ವರ್ನಾ. ಗೊತ್ತಲ್ಲ ನಿಂಗೆ?"

"ಗೊತ್ತು."

ಅವನು ಹೊಗೆಯ ಕಡೆ ನೋಡಿದ. "ಬೆಗೋನ್ಯಾ ಹೊರಗೆ ಬಂದ್ಲಾ?"

"ಇಲ್ಲ. ಕುರಿ ಬಿಟ್ಟು ಬರಲ್ಲ ಅಂತ ಕೂತಿದಾಳೆ."

"ಅವಳ ಹಟ ಒಂದು!" ಎಂದು ಬೈಯುತ್ತಲೇ ಗೇಟು ತೆರೆದ. ಪೈಪನ್ನು ಕೊಳಕ್ಕಿಳಿಸಲು ತಾನೇ ಸೊಂಟದವರೆಗೆ ನೀರಿಗಿಳಿದ. ಆಮೇಲೆ ಎಷ್ಟು ಸಲ ಹೋಗಿ ಬಂದೆನೋ ನನಗೆ ನೆನಪಿಲ್ಲ. ಪ್ರತಿ ಸಲವೂ ಗೇಟು ತೆರೆದೇ ಇತ್ತು.

ಕೊಟ್ಟಿಗೆ ಉಳಿಯಿತು. ಅದರ ಹಿಂದಿನ ಬೀದಿ ಉಳಿಯಿತು, ಶಾಲೆ ಉಳಿಯಿತು. ಬೆಗೋನ್ಯಾಳ ಮನೆ ಉಳಿಯಲಿಲ್ಲ. ಮಸಿ ಬಳಿದ ಮುಖದಲ್ಲಿ ಆಕೆ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತಿದ್ದಳು. ನಾನು ಹತ್ತಿರ ಹೋಗಿ ಸಮಾಧಾನ ಹೇಳಹೊರಟಾಗ ಕೈಯೆತ್ತಿ ತಡೆದಳು. "ಮನೆ ಹೋಯ್ತು, ಕಣ್ಣಿದೆ ನಂಗೆ. ಏನೂ ಹೇಳ್ಬೇಡ. ಪಕ್ಕದಲ್ಲಿ ಕೂತ್ಕೋ."

ರೇ ಹೇಳಿದ ಹಾಗೆಯೇ ಆಯಿತು. ಭದ್ರತಾ ನಿಯಮದ ಉಲ್ಲಂಘನೆ ಎಂದು ನಿಮ್ಮವರು ಅವನನ್ನು ಮನೆಗೆ ಕಳುಹಿಸಿದರು. ಅದಾದ ಕೆಲವೇ ದಿನಗಳಿಗೆ ನಿಮ್ಮ ವಿಭಾಗದ ಇಬ್ಬರು ಛಾಯಾಗ್ರಾಹಕನ ಸಮೇತ ಬಂದಿಳಿದರು. ಕೆಂಪು ಗಾಡಿಯ ಪಕ್ಕ ಬೆಗೋನ್ಯಾ ನಿಲ್ಲಬೇಕು, ಮುಗುಳ್ನಕ್ಕರೆ ಇನ್ನೂ ಒಳ್ಳೆಯದು ಎಂದರು.

"ರೇ ಎಲ್ಲಿ? ಅವನೂ ನಿಲ್ಲಬೇಕಲ್ಲ?" ಎಂದು ಕೇಳಿದಳು ಆಕೆ.

"ಯಾರು ಮೇಡಂ?"

"ಯಾರು ಅಂತಾನೂ ಗೊತ್ತಿಲ್ವಾ? ಹಾಗಾದ್ರೆ ಗಾಡೀದೇ ಫೋಟೋ ತೆಕ್ಕೊಂಡ್ ಹೋಗಿ. ಅದಕ್ಕೆ ಬಾಯಿಲ್ಲ, ಏನು ಬೇಕಾದ್ರೂ ಬರ್ಕೋಬಹುದು."

ಹಾಗೆಯೇ ಮಾಡಿದ್ದೀರಿ. ವರದಿಯಲ್ಲಿ ಗಾಡಿಯೊಂದೇ ಇದೆ, ಸಂಜೆಯ ಬೆಳಕಿನಲ್ಲಿ ತುಂಬ ಚಂದ ಕಾಣುತ್ತಿದೆ.

ಮಾನ್ಯರೇ, ಹೊಣೆಗಾರಿಕೆ ಎಂಬ ಮಾತಿಗೆ ನಿಮ್ಮಲ್ಲಿ ಒಂದು ವಿಭಾಗವೇ ಇದೆ. ನಮ್ಮಲ್ಲಿ ಆ ದಿನ ಒಬ್ಬ ಮನುಷ್ಯನಿದ್ದ. ಅವನು ಅನುಮತಿಗೆ ಕಾದಿದ್ದರೆ ನಿಮ್ಮ ವರದಿಗೆ ಯಾವ ಚಿತ್ರ ಸಿಗುತ್ತಿತ್ತು? ಸುಟ್ಟ ಶಾಲೆಯ ಮುಂದೆ ನೀವು ಯಾವ ದಾನದ ಫಲಕ ನೆಡುತ್ತಿದ್ದಿರಿ? ನಿಮ್ಮ ಕಂಪನಿ ಬೆಳೆಯಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮ ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ನಿಮ್ಮ ಸಂಬಳದಿಂದ. ಅದನ್ನು ಮರೆತು ಮಾತಾಡಿದರೆ ನೆರೆಯವರೇ ನನ್ನನ್ನು ಬಿಡುವುದಿಲ್ಲ. ಆದರೆ ನಮ್ಮ ನಲ್ಲಿಯನ್ನು ಬರಿದು ಮಾಡುವ ಬೆಳವಣಿಗೆಗೆ ನಾವೇ ಚಪ್ಪಾಳೆಯನ್ನೂ ತಟ್ಟಬೇಕೆಂದರೆ ಹೇಗೆ?

ಈ ಪತ್ರ ಬರೆಯಬೇಡ ಎಂದವನು ರೇ. ತನ್ನ ಕೆಲಸಕ್ಕಾಗಿ ಯಾರ ಬಾಗಿಲಿಗೂ ಹೋಗಬಾರದು ಎಂದು ಅವನ ಹಟ; ಬೆಗೋನ್ಯಾಳ ಹಟಕ್ಕಿಂತ ಕಡಿಮೆಯದೇನಲ್ಲ. ಆದರೂ ಬರೆಯುತ್ತಿದ್ದೇನೆ. ವರದಿಯ ಆ ವಾಕ್ಯವನ್ನು ತಿದ್ದಿ ಅವನ ಹೆಸರನ್ನು ಹಾಕಿ. ಅವನನ್ನು ಮರಳಿ ಕರೆಯಿರಿ; ಬರುವುದು ಬಿಡುವುದು ಅವನಿಷ್ಟ. ಕೊಳದ ಗೇಟಿನ ಒಂದು ಕೀಲಿಯನ್ನೂ ಬೆಂಕಿ ಬಿದ್ದಾಗ ನಿಮ್ಮ ಕೊಳವೆಯನ್ನು ನಿಲ್ಲಿಸುವ ಅಧಿಕಾರವನ್ನೂ ಬರುವ ಬೇಸಿಗೆಗೆ ಮುಂಚೆ ನಮ್ಮ ದಳಕ್ಕೆ ಬರಹದಲ್ಲಿ ಕೊಡಿ. ಹೊಸ ಕಟ್ಟಡಗಳಿಗೆ ನೀವು ಅನುಮತಿ ಕೇಳುವ ಕೌಂಟಿ ಆಡಳಿತದ ಸಭೆಯಲ್ಲಿ ದಳದ ಎಲ್ಲರೂ ಮುಂದಿನ ಸಾಲಿನಲ್ಲಿ ಕುಳಿತಿರುತ್ತೇವೆ. ಬೆಗೋನ್ಯಾ ಮಾತಾಡುತ್ತಾಳೆ. ಆಕೆಯನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ.

ಈಗ ಆ ಗೇಟಿನಲ್ಲಿ ದೂರದ ನಗರದ ಗುತ್ತಿಗೆ ಕಂಪನಿ ಕಳುಹಿಸಿದ ಹೊಸ ಕಾವಲುಗಾರನಿದ್ದಾನೆ. ಒಳ್ಳೆಯವನೇ ಇರಬಹುದು; ಬಸ್ಸು ಹಾದಾಗಲೆಲ್ಲ ಮಕ್ಕಳಿಗೆ ಕೈ ಬೀಸುತ್ತಾನೆ. ಆದರೆ ಹೊಗೆ ಕಂಡ ದಿನ ಯಾರು ಇನ್ನೂ ಹೊರಗೆ ಬಂದಿಲ್ಲವೆಂದು ಕೇಳಲು ಅವನಿಗೆ ನಮ್ಮಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ.

ಇಂತಿ,
ನಿಮ್ಮ ವರದಿಯ ಭಾಷೆಯಲ್ಲಿ 'ಸ್ಥಳೀಯ ಫಲಾನುಭವಿ'ಯಾದ
ವರ್ನಾ ಟಾಲಿವರ್