ನೀರಿಗೆ ಬಿದ್ದ ಲಕೋಟೆ

ಮಳವಳ್ಳಿ
೧೬ ನವೆಂಬರ್ ೨೦೨೫, ಭಾನುವಾರ

ಗೆಳೆಯ ನಜೀರನಿಗೆ ಪುಟ್ಟಮಾದಯ್ಯನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋದೆ. ಎಲ್ಲರೂ ಅಂದರೆ ಈಗ ನಾನೊಬ್ಬನೇ. ನೀನು, ಹಬೀಬುನ್ನೀಸಾ ಅವರು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು. ಹನ್ನೆರಡು ವರ್ಷ ತಡ ಮಾಡಿದವನು ಯಾವ ಮುಖ ಇಟ್ಟುಕೊಂಡು ಕ್ಷಮಿಸು ಅನ್ನಬೇಕೋ ತಿಳಿಯದು. ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಊರವರ ಕಾಗದ ವಿಂಗಡಿಸಿದವನಿಗೆ ಮದ್ದೂರಿಗೆ ಒಂದು ಕಾಗದ ಬರೆಯಲು ಆಗಲಿಲ್ಲ ನೋಡು.

ಮಂಡ್ಯದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ದೀಪಿಕ ಎಂಬ ಹುಡುಗಿ ಹೋದ ವಾರ ಮನೆಗೆ ಬಂದಿದ್ದಳು. ಬ್ರಿಟಿಷರ ಕಾಲದಲ್ಲಿ ಜೆಪ್ಪೆಲಿನ್ ವಾಯುನೌಕೆಯಲ್ಲಿ ಸಾಗಿ ಮೈಸೂರು ಸೀಮೆಗೆ ಬಂದ ಕಾಗದಗಳ ಪಟ್ಟಿ ಮಾಡುತ್ತಿದ್ದಾಳಂತೆ. ಬೆಳಕವಾಡಿಯ ಲಕೋಟೆ ನಿಮ್ಮ ಹತ್ತಿರ ಇತ್ತಂತಲ್ಲ ಸಾರ್ ಎಂದಳು. ಯಾರು ಹೇಳಿದರು ಎಂದೆ. ಮದ್ದೂರಿನ ರೇಡಿಯೊ ರಿಪೇರಿ ನಜೀರ್ ಸಾಹೇಬರು ಎಂದಳು. ನೀನು ಇನ್ನೂ ನನ್ನ ಹೆಸರು ಹೇಳುತ್ತೀಯ ಎಂದು ತಿಳಿದು ಆ ಹುಡುಗಿಗೆ ಕಾಫಿ ಕೊಡುವುದನ್ನೂ ಮರೆತೆ.

ಬೆಳಕವಾಡಿಯ ರದ್ದಿ ಕಟ್ಟಿನಲ್ಲಿ ಅದನ್ನು ಕಂಡವನು ನೀನು, ನನ್ನ ಕೈಗಿಟ್ಟವನೂ ನೀನು. ಶಿವನಸಮುದ್ರದ ಪವರ್‌ಹೌಸಿನ ಗುಮಾಸ್ತರೊಬ್ಬರಿಗೆ ೧೯೩೨ರಲ್ಲಿ ಬಂದದ್ದು. ಮೂರು ವರ್ಷ ಇಬ್ಬರೂ ಭೂತಗಾಜು ಹಿಡಿದು ಒಂದೊಂದು ಠಸ್ಸೆಯ ಜಾಡು ಹುಡುಕಿದೆವು. ಬ್ರೆಜಿಲ್ ದೇಶದಲ್ಲಿ ವಾಯುನೌಕೆ ಹತ್ತಿ, ಸಮುದ್ರದ ಮೇಲೆ ಆಕಾಶದಲ್ಲಿ ತೇಲಿ, ಜರ್ಮನಿಯಲ್ಲಿ ಇಳಿದು, ಹಡಗು ರೈಲು ಹಿಡಿದು ಮಳವಳ್ಳಿಗೆ ಬಂದಿತ್ತು. ಹಿಂಬದಿಯಲ್ಲಿ ನಮ್ಮೂರ ಠಸ್ಸೆಯ ತಾರೀಕು ಕೊಳೆಯಲ್ಲಿ ಮುಚ್ಚಿತ್ತು. ಆರು ಎಂದು ನಾನು, ಎಂಟು ಎಂದು ನೀನು, ಎಷ್ಟು ಕಿತ್ತಾಡಿದೆವು.

ಆಮೇಲೊಂದು ದಿನ ಲಕೋಟೆ ಕಾಣೆಯಾಯಿತು. ನಿನ್ನ ಅಂಗಡಿಗೇ ಬಂದು, ಗಿರಾಕಿಗಳ ಎದುರಿಗೆ, ಕದ್ದವನು ನೀನೇ ಎಂದೆ. ನೀನು ಸ್ಕ್ರೂಡ್ರೈವರ್ ಕೆಳಗಿಟ್ಟು, "ಆಯ್ತು ಬುಡ್ಲಾ, ನಾನೇ ಅನ್ಕೊ" ಅಂದೆ, ಅಷ್ಟೆ. ಅದನ್ನೇ ತಪ್ಪೊಪ್ಪಿಗೆ ಎಂದು ನಾನು ಊರಿಗೆಲ್ಲ ಸಾರಿಬಿಟ್ಟೆ.

ದೀಪಿಕ ಹೋದ ಮೇಲೆ ಮತ್ತೆ ಹುಡುಕಲು ಕೂತೆ. ನಮ್ಮ ಮನೆಯಾಕೆ ಚಲುವಮ್ಮನ ರಂಗೋಲಿ ಪುಸ್ತಕಗಳ ಡಬ್ಬಿಯನ್ನು ಅವಳು ತೀರಿಹೋದಾಗಿನಿಂದ ಮುಟ್ಟಿರಲಿಲ್ಲ. ಅದರ ತಳದಲ್ಲಿ ಸಿಕ್ಕಿತು. ಒಣಗಿಸಿ ಇಸ್ತ್ರಿ ಮಾಡಿದ್ದಾಳೆ. ವಿಳಾಸದ ಶಾಯಿ ಹರಡಿ ಬರೀ ನೀಲಿ ಕಲೆ. ಪಕ್ಕದಲ್ಲಿ ಬೆಣ್ಣೆ ಕಾಗದದೊಳಗೆ ಅಂಚೆಚೀಟಿಗಳು, ಅಂಚಿನ ಒಂದು ಹಲ್ಲೂ ಮುರಿಯದಂತೆ ಬಿಡಿಸಿದ್ದು.

ನಿನಗೆ ಗೊತ್ತಲ್ಲ, ಭಾನುವಾರ ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ವಾರದ ಚೀಟಿಗಳನ್ನೆಲ್ಲ ಲಕೋಟೆಗಳಿಂದ ಬಿಡಿಸುವುದು ಅವಳ ಕೆಲಸ. ನಮ್ಮಿಬ್ಬರ ಒರಟು ಕೈಗೆ ಅದು ಬರುತ್ತಿರಲಿಲ್ಲ. ವಾಯುನೌಕೆಯ ಲಕೋಟೆಗೆ ಮಾತ್ರ ನೀರು ಸೋಕಿಸಬಾರದು, ಚೀಟಿ, ಠಸ್ಸೆ, ಕಾಗದ ಎಲ್ಲ ಒಟ್ಟಿಗಿದ್ದರೇ ಅದಕ್ಕೆ ಬೆಲೆ ಎಂದು ಅವಳಿಗೆ ಹೇಳಬೇಕಾದವನು ನಾನು. ಹೇಳಿರಲಿಲ್ಲ. ನೆನೆಸುವ ರಾಶಿಯ ಪಕ್ಕದಲ್ಲೇ ಇಟ್ಟು ಎದ್ದು ಹೋಗಿದ್ದೆ.

ಡಬ್ಬಿಯಲ್ಲಿ ನಿನ್ನ ಅಂಗಡಿಯ ಬಿಲ್ಲಿನ ಹಾಳೆಯೂ ಇತ್ತು. ಮಾತಾಡುವಂತೆಯೇ ಬರೆದಿದ್ದೀಯ: "ಚಲುವಕ್ಕ, ನೀವು ಒಬ್ರೇ ಬಸ್ಸತ್ತಿ ಬಂದು ಕೊಟ್ಟೋದ ಲಕೋಟೆ ಇನ್ನು ಸರಿ ಆಗಕ್ಕಿಲ್ಲ. ಅವನ್ಗೆ ಏನೂ ಏಳ್ಬೇಡಿ. ನಾನ್ ನೋಡ್ಕತೀನಿ." ತಾರೀಕು ನೋಡಿದೆ. ನಾನು ನಿನ್ನ ಅಂಗಡಿಗೆ ಬಂದು ಕೂಗಾಡಿದ ಹಿಂದಿನ ದಿನದ್ದು.

ಹೋದ ವರ್ಷ ಅವಳು ತೀರಿಕೊಂಡಾಗ ನೀನು ಬಂದು ಬೀದಿ ಬಾಗಿಲಲ್ಲಿ ನಿಂತಿದ್ದೆ. ನಾನು ಕಂಡೂ ಮುಖ ತಿರುಗಿಸಿದೆ. ಅದನ್ನು ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ ನಜೀರ.

ಈಗಲೂ ಭಾನುವಾರ ಬೋಗುಣಿಗೆ ನೀರು ಹಾಕಿಕೊಂಡು ಕೂರುತ್ತೇನೆ. ಬಿಡಿಸಲು ಚೀಟಿಗಳಿಲ್ಲ, ಈಗ ಯಾರು ಕಾಗದ ಬರೆಯುತ್ತಾರೆ. ನೀರು ತಣ್ಣಗಾದ ಮೇಲೆ ಕರಿಬೇವಿನ ಗಿಡಕ್ಕೆ ಸುರಿಯುತ್ತೇನೆ. ಕೆಲವು ದಿನ ಸಂಜೆಯವರೆಗೂ ನನ್ನ ದನಿ ನನಗೇ ಕೇಳಿಸಿರುವುದಿಲ್ಲ. ಮುಂದಿನ ಭಾನುವಾರ ಹತ್ತು ಗಂಟೆ ಬಸ್ಸಿಗೆ ಲಕೋಟೆ ಹಿಡಿದುಕೊಂಡು ಬರುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಸೇರಿದ್ದು. ನೀರಿಗೆ ಬಿದ್ದು ಹಿಂಬದಿಯ ಕೊಳೆ ಹೋಗಿದೆ, ನಮ್ಮೂರ ತಾರೀಕು ಈಗ ಚೆನ್ನಾಗಿ ಕಾಣುತ್ತದೆ. ಎಂಟೇ ಕಣ್ಲಾ.

ಹಬೀಬುನ್ನೀಸಾ ಅವರಿಗೆ ನಮಸ್ಕಾರ ತಿಳಿಸು. ಮೊಮ್ಮಗಳು ಮಿಸ್ಬಾಗೆ ಈ ತಾತನ ಆಶೀರ್ವಾದ, ಗುರುತು ಮರೆತಿದ್ದರೂ ಸರಿ. ನಿಮ್ಮ ಮನೆ ತಂಪಾಗಿರಲಿ.

ನಿನ್ನ
ಮಾದಯ್ಯ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು: ಒಂದನ್ನು ನೀನು ಹೇಳಲೇಬೇಕು. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅವಳ ಮೇಲೆ ಕೈ ಎತ್ತಿದವನಲ್ಲ. ಆದರೂ ಒಂದು ಒದ್ದೆ ಕಾಗದ ಹಿಡಿದು, ನನ್ನ ಕಣ್ಣು ತಪ್ಪಿಸಿ, ಒಬ್ಬಳೇ ಬಸ್ಸು ಹತ್ತಿ ಮದ್ದೂರಿಗೆ ಬಂದಳು. ಆಮೇಲೆ ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಇದ್ದಳು, ಬಾಯಿ ಬಿಡಲಿಲ್ಲ. ನನಗೆ ಅಷ್ಟು ಹೆದರುತ್ತಿದ್ದಳೇ? ಆ ದಿನ ನಿನ್ನ ಹತ್ತಿರ ಏನೆಂದಳು, ಇದ್ದದ್ದು ಇದ್ದ ಹಾಗೇ ಹೇಳು. ನಾನು ಕೋಪ ಮಾಡಿಕೊಳ್ಳುವುದಿಲ್ಲ.